ಗಡಿಯಾಚೆ ಬರೀ ಕಾಫಿ

ಮೈಸೂರು

ನಮ್ಮ ಓಣಿಯಲ್ಲಿ ವಿದೇಶ ನೋಡದೆ ಉಳಿದಿದ್ದವರು ನಾವು ಮತ್ತು ಇಸ್ತ್ರಿ ಅಂಗಡಿಯ ಶಿವಣ್ಣ ಮಾತ್ರ. ಹೋದ ವರ್ಷ ಶಿವಣ್ಣನೂ ಸಿಂಗಪುರಕ್ಕೆ ಹೋಗಿಬಂದು, ಅಲ್ಲಿಯ ರಸ್ತೆಯ ಮೇಲೆಯೇ ಅನ್ನ ಕಲಸಿಕೊಂಡು ತಿನ್ನಬಹುದು ಎಂದು ನನ್ನ ಸೀರೆಗೆ ಇಸ್ತ್ರಿ ಹಾಕುತ್ತಾ ಹಾಕುತ್ತಾ ಹೇಳಿದ. ಆಗಿನಿಂದ ನನಗೂ ಒಂದು ಪ್ರವಾಸ ಕಥನ ಬರೆಯಬೇಕೆಂಬ ಚಪಲ. ಈಗ ಕಾಲ ಕೂಡಿಬಂದಿದೆ. ನಾನು ವಯನಾಡಿಗೆ ಹೋಗಿಬಂದೆ.

ನಗಬೇಡಿ. ಪಾಸ್‌ಪೋರ್ಟ್ ಕೇಳಲಿಲ್ಲ ಎಂದ ಮಾತ್ರಕ್ಕೆ ಅದು ವಿದೇಶವಲ್ಲ ಎನ್ನಲಾಗದು. ಗಡಿ ದಾಟಿದ ಕೂಡಲೇ ಅಂಗಡಿಗಳ ಬೋರ್ಡೆಲ್ಲ ಜಿಲೇಬಿಯಾಗುತ್ತದೆ. ನಮ್ಮದೂ ಜಿಲೇಬಿಯೇ ಇರಬಹುದು, ಆದರೆ ಓದಲು ಬರುವ ಜಿಲೇಬಿ. ಇನ್ನು ಭಾಷೆಯ ವಿಷಯ. ವಿದೇಶಕ್ಕೆ ಹೋದವರೆಲ್ಲ ಅಲ್ಲಿಯ ಭಾಷೆ ಬಾರದೆ ಪಟ್ಟ ಫಜೀತಿಯನ್ನು ಬರೆಯುತ್ತಾರೆ. ನಮಗೆ ಫಜೀತಿಯಾದದ್ದು ಭಾಷೆ ಬಂದದ್ದರಿಂದ.

ಹೋದ ಕಾರಣ ಹೇಳಿಬಿಡುತ್ತೇನೆ. ನನ್ನ ಅಕ್ಕನ ಮಗಳು ಪಲ್ಲವಿ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಅದೇ ಆಸ್ಪತ್ರೆಯ ಲ್ಯಾಬಿನಲ್ಲಿರುವ ಗಿರೀಶನನ್ನೇ ಮದುವೆಯಾಗುವುದು ಎಂದು ಹಟ ಹಿಡಿದು ಕೂತಿದ್ದಳು. ಹುಡುಗನ ಮನೆ ವಯನಾಡಿನ ಪೆರಿಕಲ್ಲೂರು. ಜನ ನಮ್ಮವರೇ, ಮನೆಮಾತು ಕನ್ನಡವೇ. ಎಷ್ಟೋ ತಲೆಮಾರಿನ ಹಿಂದೆ ಗುಂಡ್ಲುಪೇಟೆ ಕಡೆಯಿಂದ ಹೋಗಿ, ಕಾಫಿ ಮೆಣಸು ಹಾಕಿಕೊಂಡು ಅಲ್ಲೇ ನೆಲೆನಿಂತವರು. ಆದರೂ ಅಕ್ಕನಿಗೆ ಸಮಾಧಾನವಿಲ್ಲ. ಹುಡುಗನ ಮನೆ ನೋಡಿಬರಬೇಕು. ಅವಳಿಗೆ ಕಾರು ಹತ್ತಿದರೆ ವಾಂತಿ, ಭಾವನಿಗೆ ಮಂಡಿ ನೋವು. ಹೀಗಾಗಿ ಆ ಭಾರ ನನ್ನ ಮತ್ತು ನಮ್ಮ ಯಜಮಾನರ ತಲೆಗೆ ಬಂತು.

“ನೋಡು ಸುಮಾ, ನಾನು ಹೂಂ ಅನ್ನೋವರೆಗೂ ಅವರ ಮನೇಲಿ ಒಂದಗುಳು ಬಾಯಿಗೆ ಹಾಕ್ಕೋಬೇಡ. ತಿಂದ್ರೆ ಒಪ್ಪಿಕೊಂಡ ಹಾಗೇ. ಬೇಕಾದ್ರೆ ಕಾಫಿ ಕುಡಿ. ಕಾಫಿಗೇನೂ ದೋಷ ಇಲ್ಲ” ಎಂದಳು ಅಕ್ಕ.

ಇದು ನಮ್ಮ ಕಡೆಯ ಹಳೆಯ ಪದ್ಧತಿ. ಸಂಬಂಧ ಕುದುರುವವರೆಗೆ ಬೀಗರಾಗುವವರ ಮನೆಯಲ್ಲಿ ಎಲೆ ಮುಂದೆ ಕೂರುವುದಿಲ್ಲ. ಕಾಫಿ ಮಾತ್ರ ಯಾವ ಪಕ್ಷಕ್ಕೂ ಸೇರದ್ದು. ಕುಡಿದು ಲೋಟ ಕೆಳಗಿಟ್ಟು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದು ಬರಬಹುದು.

ಪಲ್ಲವಿ ಕಾರಿನ ತನಕ ಬಂದು ನನ್ನ ಕೈ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು. “ಚಿಕ್ಕಮ್ಮ, ನೀನು ಹೂಂ ಅಂದ್ರೆ ಅಮ್ಮನೂ ಹೂಂ ಅಂತಾಳೆ. ಇನ್ನೊಂದು ಮಾತು. ಅಲ್ಲಿ ಕಾಪ್ಪಿ ಮಾತ್ರ ಬೇಡ ಅನ್ಬೇಡಿ, ಆಯ್ತಾ?”

ಕಾಫಿ ಎನ್ನುವುದನ್ನು ಅವಳು ‘ಕಾಪ್ಪಿ’ ಎಂದು ಒತ್ತಿ ಹೇಳಿದಳು. ಮದುವೆಗೆ ಮೊದಲೇ ಅತ್ತೆ ಮನೆಯ ರಾಗ ಕಲಿತಿದ್ದಾಳೆ ಎಂದುಕೊಂಡು ನಾನು ನಕ್ಕೆ. “ನಿಮ್ಮ ಚಿಕ್ಕಪ್ಪ ಕಾಫಿ ಬೇಡ ಅನ್ನೋದುಂಟೇನೇ?” ಎಂದೆ. ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಕ್ಕ ಹೊರಗೆ ಬಂದದ್ದರಿಂದ ಸುಮ್ಮನಾದಳು.

ನಮ್ಮ ಯಜಮಾನರ ವಿಷಯ ಹೇಳಬೇಕು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದವರು. ನಿವೃತ್ತಿಯಾದ ಮೇಲೆ ಅವರ ವಿಜ್ಞಾನವೆಲ್ಲ ಇಳಿದು ಬಂದು ನಮ್ಮ ಅಡುಗೆಮನೆಯ ಹಿತ್ತಾಳೆ ಫಿಲ್ಟರಿನಲ್ಲಿ ತಂಗಿದೆ. ಪುಡಿ ಹಾಕಿ, ಬಿಲ್ಲೆಯಿಂದ ಮೆಲ್ಲಗೆ ಒತ್ತಿ, ಕುದಿ ಅಡಗಿದ ನೀರನ್ನು ಸುತ್ತಲೂ ಹೊಯ್ದು ಮುಚ್ಚಿಟ್ಟರೆಂದರೆ ಡಿಕಾಕ್ಷನ್ ಇಳಿಯುವವರೆಗೆ ಮನೆಯಲ್ಲಿ ಯಾರೂ ಬಾಗಿಲನ್ನು ಜೋರಾಗಿ ಹಾಕುವಂತಿಲ್ಲ. ಮೊದಲ ಡಿಕಾಕ್ಷನ್ ತಮಗೆ, ಎರಡನೆಯದು ನನಗೆ ಮತ್ತು ನೆಂಟರಿಗೆ. ಪಲ್ಲವಿ ಬಾಟಲಿಯ ಪುಡಿಗೆ ಸಕ್ಕರೆ ಹಾಕಿ, ಚಮಚದಲ್ಲಿ ಕಡೆದು, ನೊರೆ ಬರಿಸಿ ಕುಡಿಯುತ್ತಾಳೆ. ಇವರು ಅದನ್ನು ಶೇವಿಂಗ್ ಸೋಪು ಎನ್ನುತ್ತಾರೆ. ಮೇಲಿನ ಮನೆಯ ಹುಡುಗರು ಗಾಜಿನ ಹೂಜಿಯಲ್ಲಿ ಪುಡಿ ನೆನೆಸಿ ಮೇಲಿನಿಂದ ಜರಡಿ ಒತ್ತುತ್ತಾರೆ. ಅದು ಇವರ ಪ್ರಕಾರ ಪಾತ್ರೆ ತೊಳೆದ ನೀರು. ಇಂಥವರು ಪರದೇಶಕ್ಕೆ ಕೈಬೀಸಿಕೊಂಡು ಹೋದಾರೆಯೇ? ಫಿಲ್ಟರನ್ನು ಟವೆಲಿನಲ್ಲಿ ಸುತ್ತಿ, ಹೊಸದಾಗಿ ಬೀಸಿಸಿದ ಪುಡಿಯ ಪೊಟ್ಟಣದೊಂದಿಗೆ ಚೀಲಕ್ಕೆ ಹಾಕಿದರು. ನನ್ನ ರೇಷ್ಮೆ ಸೀರೆಗೆ ಅದೇ ಚೀಲದಲ್ಲಿ ಉಳಿದ ಜಾಗ ಸಿಕ್ಕಿತು.

ಪೊನ್ಕುಳಿ

ಬಂಡೀಪುರದ ಕಾಡು ದಾಟಿ ಕೇರಳದ ಕಡೆಯ ಕಾಡು ಶುರುವಾಯಿತು. ಆನೆಗಳಿಗೆ ಈ ವ್ಯತ್ಯಾಸ ತಿಳಿಸಿದವರು ಯಾರೂ ಇದ್ದಂತಿಲ್ಲ. ಒಂದು ಹಿಂಡು ಅರ್ಧ ಅಲ್ಲಿ ಅರ್ಧ ಇಲ್ಲಿ ನಿಂತು ಮೇಯುತ್ತಿತ್ತು. ಪೊನ್ಕುಳಿಯಲ್ಲಿ ರಸ್ತೆಯ ಪಕ್ಕದಲ್ಲೇ ಗುಡಿ. ಶುಭಕಾರ್ಯಕ್ಕೆ ಹೊರಟವರು ಕೈಮುಗಿಯದೆ ಹೋಗುವುದು ಹೇಗೆ ಎಂದು ಇಳಿದೆವು. ಕಾರಿನ ಗಾಜು ಏರಿಸಿ ಎಂದು ನಾನು ಹೇಳಿದ್ದೆ. ಹೇಳಿದ್ದೆ ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಕೈಮುಗಿದು ಬರುವಷ್ಟರಲ್ಲಿ ಒಂದು ಕೋತಿ ನಮ್ಮ ಕಾರಿನ ಛಾವಣಿಯ ಮೇಲೆ ಕೂತು ಪುಡಿಯ ಪೊಟ್ಟಣವನ್ನು ಬಿಚ್ಚುತ್ತಿತ್ತು. ಯಜಮಾನರು ಮೊದಲು ಗದರಿಸಿದರು, ಆಮೇಲೆ ಬೇಡಿಕೊಂಡರು. ಅದು ಮೂಸಿತು, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಿತು, ಮುಖ ಸಿಂಡರಿಸಿ ಪೊಟ್ಟಣವನ್ನು ಕಾರಿನ ಮೇಲೆಲ್ಲ ಚೆಲ್ಲಿ ಮರ ಹತ್ತಿತು.

“ಚಿಕೋರಿ ಜಾಸ್ತಿ ಹಾಕಿಸಿದ್ದೀರಿ ಅಂತ ನಾನು ಆಗಲೇ ಹೇಳಲಿಲ್ವಾ?” ಎಂದೆ.

ಅವರು ಗಾಜಿನ ಮೇಲೆ ಬಿದ್ದಿದ್ದ ಪುಡಿಯನ್ನು ವೈಪರ್ ಒರೆಸಿ ಹಾಕುವುದನ್ನೇ ಸತ್ತವರ ಮನೆಯಲ್ಲಿ ಕೂತವರ ಹಾಗೆ ನೋಡುತ್ತಿದ್ದರು.

ಕಾಡು ಮುಗಿದ ಮೇಲೆ ಸಿಕ್ಕಿದ ಮೊದಲ ಗೂಡಂಗಡಿಯಲ್ಲಿ ಕಾಫಿ ಕೇಳಿದೆವು. ಅಂಗಡಿಯವನು ತಾನೇ ಏನೋ ತಪ್ಪು ಕೇಳಿಸಿಕೊಂಡೆನೇ ಎಂಬಂತೆ ನೋಡಿ, ಚಹಾವನ್ನು ಒಂದು ಮೊಳ ಎತ್ತರದಿಂದ ಹೊಯ್ಯುತ್ತಲೇ “ಕಾಪ್ಪಿ ವಿಲ್ಕಾನಾಣು. ಕುಡಿಕ್ಕಾನ್ ಚಾಯ” ಎಂದ. ಕಾಫಿ ಮಾರುವುದಕ್ಕಂತೆ, ಕುಡಿಯುವುದಕ್ಕೆ ಚಹಾವಂತೆ. ಸುತ್ತ ಕಣ್ಣು ಹಾಯಿಸಿದ ಕಡೆಯೆಲ್ಲ ಕಾಫಿ ಗಿಡ. ಬೆಂಚಿನ ಮೇಲೆ ಕೂತಿದ್ದ ಬೆಳೆಗಾರರೆಲ್ಲರ ಕೈಯಲ್ಲೂ ಚಹಾ. ಚಿನ್ನದಂಗಡಿಯವನ ಹೆಂಡತಿ ಗಾಜಿನ ಬಳೆ ತೊಟ್ಟಿದ್ದನ್ನು ನಾನು ಮೈಸೂರಿನಲ್ಲಿ ನೋಡಿದ್ದೇನೆ, ಹಾಗಾಗಿ ಆಶ್ಚರ್ಯಪಡಲಿಲ್ಲ. ಯಜಮಾನರು ಮಾತ್ರ ಚಹಾ ಮುಟ್ಟದೆ ಉಪವಾಸದಲ್ಲೇ ಕಾರು ಹತ್ತಿದರು.

ಪೆರಿಕಲ್ಲೂರು

ಬತ್ತೇರಿ, ಪುಲ್ಪಳ್ಳಿ ದಾಟಿ ಪೆರಿಕಲ್ಲೂರು ಮುಟ್ಟಿದಾಗ ಬಿಸಿಲೇರಿತ್ತು. ಮನೆಯ ಹಿಂದೆ ಕಬಿನಿ ಹರಿಯುತ್ತದೆ. ಆಚೆ ದಡದಲ್ಲಿ ಕಾಣುವುದು ನಮ್ಮ ರಾಜ್ಯವೇ. ಒಂದು ದೋಣಿ ಇಲ್ಲಿಯ ಜನರನ್ನು ಅಲ್ಲಿಗೆ, ಅಲ್ಲಿಯವರನ್ನು ಇಲ್ಲಿಗೆ ದಾಟಿಸುತ್ತಿತ್ತು. ನಾವು ಅಷ್ಟು ದೂರ ಸುತ್ತಿ ಬಂದ ವಿದೇಶ ನಮ್ಮ ರಾಜ್ಯದಿಂದ ದೋಣಿಯ ಒಂದು ಹುಟ್ಟಿನ ದೂರದಲ್ಲಿತ್ತು.

ಅಂಗಳದ ತುಂಬ ಕಾಫಿ ಹಣ್ಣು ಒಣಗುತ್ತಿದ್ದವು. ಅವುಗಳನ್ನು ಕಾಲಿನಿಂದ ಸರಿಸಿ ನಮಗೆ ದಾರಿ ಮಾಡಿದವರು ಹುಡುಗನ ತಂದೆ ಗೋವಿಂದಪ್ಪ. ತಾಯಿ ಜಾನಕಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಓಡಿಬಂದರು. ಗಿರೀಶನಿಗೆ ಆಸ್ಪತ್ರೆಯಲ್ಲಿ ರಜೆ ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ಈ ಕಥನ ಇಲ್ಲಿಗೇ ಮುಗಿಯುತ್ತಿತ್ತು.

“ಬನ್ನಿ ಬನ್ನಿ. ಯಾತ್ರೆ ಎಂಗಿತ್ತು? ಆನೆ ಕಂಡ್ರಾ?” ಎಂದರು ಗೋವಿಂದಪ್ಪ. ಎಷ್ಟು ಇಂಪಾಗಿತ್ತು ಆ ಕನ್ನಡ! ಒಂದು ಕಾಲು ಮೈಸೂರು ಸೀಮೆಯಲ್ಲಿ, ಇನ್ನೊಂದು ಕಾಲು ಮಲಯಾಳದಲ್ಲಿ. ಆದರೂ ಒಂದೊಂದು ಮಾತೂ ಅರ್ಥವಾಗುತ್ತಿತ್ತು. ಅರ್ಥವಾಗುತ್ತಿದೆ ಎಂದು ನಾನು ತಿಳಿದುಕೊಂಡಿದ್ದೆ.

ಜಾನಕಮ್ಮ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ನದಿಯ ಕಡೆ ಕಿಟಕಿಯಿದ್ದ ಕೋಣೆಗೆ ಹೊಸದಾಗಿ ಸುಣ್ಣ ಹೊಡೆದಿತ್ತು. ಗೋಡೆಗೆ ಒರಗಿಸಿ ಒಂದು ನಿಲುವುಗನ್ನಡಿ, ಪಕ್ಕದಲ್ಲಿ ಸುತ್ತಿಗೆ, ಮೊಳೆ.

“ಮೋಳು ಎಷ್ಟು ಎತ್ರ? ಗಿರೀಸನ್ನ ಕೇಳುದ್ರೆ ಸರಿಯಾಗಿ ಏಳಕ್ಕಿಲ್ಲ, ಬರೀ ನಗ್ತಾನೆ. ನನ್ನ ಮಟ್ಟಕ್ಕೆ ಒಡುದ್ರೆ ಅವ್ಳು ಬಗ್ಗಿ ತಲೆ ಬಾಚ್ಬೇಕಾಯ್ತದಲ್ಲಾ” ಎಂದರು. ಮೋಳು ಎಂದರೆ ಮಗಳು. ಇನ್ನೂ ನೋಡದ ಹುಡುಗಿಯನ್ನು ಅವರು ಆಗಲೇ ಮಗಳು ಎನ್ನುತ್ತಿದ್ದರು.

ನನಗೆ ಆ ಗಳಿಗೆಯಲ್ಲೇ ಆ ಮನೆ ಹಿಡಿಸಿಹೋಯಿತು. ಪಲ್ಲವಿ ಎತ್ತರದ ಹುಡುಗಿ. ಅಳತೆ ತೋರಿಸಲು ಕೈ ಎತ್ತಿದೆ. ಅಷ್ಟರಲ್ಲಿ ಹೊರಗಿನಿಂದ ಗೋವಿಂದಪ್ಪ ಕೂಗಿದರು. “ಜಾನಕೀ, ಕನ್ನಡಿ ಆಮ್ಯಾಕೆ. ಮೊದ್ಲು ಅವ್ರು ಕಾಪ್ಪಿ ಕುಡೀಲಿ.”

ಅಕ್ಕನ ಎಚ್ಚರಿಕೆ ನೆನಪಾಯಿತು. “ಕಾಫಿ ಮಾತ್ರ ಸಾಕಮ್ಮ, ಬೇರೇನೂ ಮಾಡಬೇಡಿ” ಎಂದೆ.

“ಈಗ ಕಾಪ್ಪಿ ಅಲ್ದೆ ಬೇರೇನು ಕೊಟ್ಟೇವು!” ಎಂದು ಅವರು ನಗುತ್ತಾ ಒಲೆಯ ಮುಂದೆ ಹೋದರು.

ಕುತೂಹಲ ತಡೆಯದೆ ಯಜಮಾನರೂ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಜಾನಕಮ್ಮ ಸೌದೆ ಒಲೆಯ ಮೇಲೆ ನೀರಿಟ್ಟು, ಅದಕ್ಕೆ ಬೆಲ್ಲದ ಉಂಡೆ ಹಾಕಿ ಕರಗಿಸಿದರು. ಮನೆಯಲ್ಲೇ ಹುರಿದು ಕುಟ್ಟಿದ ಪುಡಿಯನ್ನು ಕುದಿಯುವ ನೀರಿಗೆ ಕೈಯಿಂದಲೇ ಹಾಕಿದರು. ಉಕ್ಕಿ ಬಂದ ಕೂಡಲೇ ಇಳಿಸಿ, ಬೆರಳು ಅದ್ದಿ ತಣ್ಣೀರು ಚಿಮುಕಿಸಿ ಮುಚ್ಚಿದರು. ಅಷ್ಟೇ. ಗಸಿಯೆಲ್ಲ ತಳ ಸೇರಿತು. ಸೋಸದೆಯೇ ಮೇಲಿನದನ್ನು ಲೋಟಗಳಿಗೆ ಬಗ್ಗಿಸಿದರು. ಹಾಲಿನ ಸುಳಿವೇ ಇಲ್ಲ. ಇದಕ್ಕೆ ಅಲ್ಲಿ ಕಟ್ಟನ್ ಎನ್ನುತ್ತಾರೆ. ಯಜಮಾನರು ನನ್ನ ಕಿವಿಯಲ್ಲಿ “ಇದಕ್ಕೆ ಕಷಾಯ ಅಂತಾರೆ” ಎಂದರು. ಜಾನಕಮ್ಮ ಅವರ ಮುಖ ನೋಡಿ “ಕಟ್ಟನ್ ಆಗದಿದ್ರೆ ಬಾಟ್ಲಿ ಪುಡಿನೂ ಅದ, ವಿರುಂದುಗಾರ್ರಿಗೆ ಅಂತ್ಲೇ ಇಟ್ಟಿವ್ನಿ” ಎಂದು ಶೋಕೇಸಿನ ಕಡೆ ಕೈ ತೋರಿಸಿದರು. ನೆಂಟರಿಗೆಂದೇ ಎತ್ತಿಟ್ಟದ್ದು, ನಮ್ಮ ಪಲ್ಲವಿ ಕಡೆಯುವ ಅದೇ ಶೇವಿಂಗ್ ಸೋಪು. ಅಂಗಳದ ತುಂಬ ಕಾಫಿ ಒಣಗಿಸಿಕೊಂಡು ಗೌರವಕ್ಕೆ ಅಂಗಡಿಯ ಬಾಟಲಿ!

ನಾವು ಬಂದು ಕೂತೆವು. ಮೇಜಿನ ಮೇಲೆ ಲೋಟಗಳು ಬಂದವು. ಅವುಗಳ ಹಿಂದೆಯೇ ಆವಿಯಾಡುವ ಅಕ್ಕಿಹಿಟ್ಟಿನ ಪುಟ್ಟು, ಕಡಲೆ ಸಾರು, ನೇಂದ್ರ ಬಾಳೆಹಣ್ಣು, ಹಪ್ಪಳ. ನನಗೆ ಗಾಬರಿ. ಮೈಸೂರಿನಲ್ಲೂ ಬರೀ ಕಾಫಿ ಎಂದು ಕರೆದು ತಟ್ಟೆ ತುಂಬ ಉಪ್ಪಿಟ್ಟು ತಂದಿಡುವವರಿದ್ದಾರೆ. ಅಂಥವರ ಎದುರು ಗಟ್ಟಿ ಮನಸ್ಸು ಮಾಡಬೇಕು. ನಾನು ತಟ್ಟೆಯನ್ನು ಅತ್ತ ಸರಿಸಿ ಲೋಟ ಎತ್ತಿಕೊಂಡು ಕುಡಿದೆ. ಬೆಲ್ಲದ ಕಾಫಿ ನಿಜಕ್ಕೂ ಚೆನ್ನಾಗಿತ್ತು. ಹಾಗೆಂದು ಹೇಳಿದೆ ಕೂಡ.

ನಾನು ಸರಿಸಿದ ತಟ್ಟೆಯನ್ನು ನೋಡುತ್ತಾ ಜಾನಕಮ್ಮ “ಕಾಪ್ಪಿ ಕುಡೀಲೇ ಇಲ್ವಲ್ಲಾ” ಎಂದರು.

ನಾನು ಖಾಲಿ ಲೋಟ ತೋರಿಸುವವಳಿದ್ದೆ. ಆಗ ಪಕ್ಕಕ್ಕೆ ನೋಡಿದರೆ ಯಜಮಾನರ ಲೋಟ ತುಂಬಿದ್ದು ತುಂಬಿದ ಹಾಗೇ ಇದೆ. ಓಹೋ, ಇದೋ ವಿಷಯ ಎಂದುಕೊಂಡೆ. ಮರ್ಯಾದೆ ಉಳಿಸಬೇಕಲ್ಲ. “ಬೇಜಾರು ಮಾಡ್ಕೋಬೇಡಿ. ಇವರಿಗೆ ಹೊರಗಿನ ಕಾಫಿ ಒಗ್ಗೋದಿಲ್ಲ. ಎಲ್ಲಿಗೆ ಹೋದರೂ ಅವರದೇ ಕಾಫಿ ತಗೊಂಡು ಹೋಗ್ತಾರೆ” ಎಂದೆ.

ಗೋವಿಂದಪ್ಪ ಹೆಂಡತಿಯ ಮುಖ ನೋಡಿದರು. ಯಜಮಾನರು ಇದನ್ನೇ ಅಪ್ಪಣೆ ಎಂದು ತಿಳಿದು ಎದ್ದು ಚೀಲದಿಂದ ಫಿಲ್ಟರು ತೆಗೆದರು. ಕೋತಿಯ ಕತೆ ಹೇಳಿ, ಸ್ವಲ್ಪ ಪುಡಿ, ಸ್ವಲ್ಪ ಬಿಸಿನೀರು ಕೊಡಿ ಎಂದರು. ಜಾನಕಮ್ಮ ತಂದುಕೊಟ್ಟರು. ಕುಟ್ಟಿದ ಪುಡಿ ಬಲು ನಯ. ಇವರು ಅಭ್ಯಾಸದಂತೆ ಬಿಲ್ಲೆ ಒತ್ತಿದರು. ಒಂದು ಹನಿಯೂ ಇಳಿಯಲಿಲ್ಲ. ತಟ್ಟಿದರು, ಅಲ್ಲಾಡಿಸಿದರು, ಕಿವಿ ಇಟ್ಟು ಆಲಿಸಿದರು. ನಾಲ್ಕೂ ಜನ ಆ ಹಿತ್ತಾಳೆಯ ಡಬ್ಬಿಯನ್ನು ನೋಡುತ್ತಾ ಕೂತೆವು.

“ಆಸ್ಪತ್ರೇಲಿ ಡ್ರಿಪ್ ಆಕ್ದಂಗದೆ” ಎಂದರು ಗೋವಿಂದಪ್ಪ. ದನಿಯಲ್ಲಿ ತಮಾಷೆ ಇರಲಿಲ್ಲ. ಹಾಗೆಂದು ಎದ್ದರು. “ಶರಿ. ತೋಟದಲ್ಲಿ ಪಣಿಗಾರ್ರು ಅವ್ರೆ, ಕೆಲ್ಸ ನೋಡ್ಬೇಕು. ನೀವು ಬೇಗೂರಿಗೂ ಓಗ್ಬೇಕಲ್ಲಾ, ಒತ್ತಾಯ್ತದೆ.”

ಹುಡುಗನ ಸೋದರತ್ತೆ ಗೌರಮ್ಮ ವಯನಾಡಿನದೇ ಬೇಗೂರಿನಲ್ಲಿದ್ದರು. ಗೋವಿಂದಪ್ಪನವರಿಗೆ ಅವರು ಅಕ್ಕ, ಮನೆಗೆಲ್ಲ ಹಿರಿಯರು. ಅವರನ್ನೂ ಕಂಡು ಬರುವುದೆಂದು ಮೊದಲೇ ಮಾತಾಗಿತ್ತು. ನಾನು ಚೀಲ ತರಲು ಒಳಗೆ ಹೋದಾಗ ಜಾನಕಮ್ಮ ಕನ್ನಡಿಗೆ ಹಳೆಯ ಪೇಪರು ಸುತ್ತುತ್ತಿದ್ದರು. ಸುತ್ತಿಗೆ ಅಲ್ಲಿರಲಿಲ್ಲ.

“ಅಳತೆ ಹೇಳಲಿಲ್ಲವಲ್ಲಮ್ಮ” ಎಂದೆ.

“ಇರ್ಲಿ ಬುಡಿ” ಎಂದರು. ಅವರ ಕಣ್ಣು ತುಂಬಿತ್ತು. ಯಾಕೆಂದು ನನಗೆ ತಿಳಿಯಲಿಲ್ಲ. ತಿಳಿಯದಿದ್ದರೂ ಏನೋ ಮುರಿದುಬಿದ್ದಿದೆ ಎಂಬುದು ಮಾತ್ರ ಗೊತ್ತಾಯಿತು. ಪಲ್ಲವಿಯ ತಣ್ಣನೆಯ ಕೈ ನೆನಪಾಯಿತು.

ಬೇಗೂರು

ದಾರಿಯುದ್ದಕ್ಕೂ ನಾವು ಜಗಳವಾಡಿದೆವು. ಅವರು ಕಟ್ಟನ್ ಕುಡಿಯದ್ದೇ ತಪ್ಪು ಎಂದು ನಾನು. ಫಿಲ್ಟರಿನ ವಿಷಯ ಎತ್ತಿದವಳು ನಾನೇ ಎಂದು ಅವರು. ಕಾಟಿಕುಳಂ ದಾಟಿ ಕಾಡಿನ ದಾರಿ ಹಿಡಿದ ಮೇಲೆ ಮೊಬೈಲಿನ ಸಿಗ್ನಲ್ಲೂ ಹೋಯಿತು, ನಮ್ಮ ಮಾತೂ ನಿಂತಿತು. ಬೆಳಗಿನಿಂದ ಒಂದು ಗುಟುಕು ಕಾಫಿ ಇಲ್ಲದೆ ಅವರಿಗೆ ತಲೆ ಸಿಡಿಯುತ್ತಿತ್ತು. ಹಣೆಗೆ ಕರವಸ್ತ್ರ ಕಟ್ಟಿಕೊಂಡೇ ಕಾರು ಓಡಿಸಿದರು.

ಗೌರಮ್ಮನವರ ಮನೆ ಕಾಡಿನ ಅಂಚಿನಲ್ಲಿತ್ತು. ಎಪ್ಪತ್ತು ದಾಟಿದ ಹೆಂಗಸು, ಜಗುಲಿಯಲ್ಲಿ ಮೊರ ಹಿಡಿದು ಕಾಫಿ ಬೀಜ ಕೇರುತ್ತಿದ್ದರು. ನಮ್ಮನ್ನು ನೋಡಿದರೂ ಮೊರ ನಿಲ್ಲಲಿಲ್ಲ. ಕೂರಿ ಎಂದರು, ಕೂತೆವು. ಅವರ ಮನೆಯ ಗೋಡೆಯಲ್ಲಿ ಟೆಲಿಫೋನು ಇದ್ದದ್ದು ನನ್ನ ಕಣ್ಣಿಗೆ ಬಿತ್ತು. ಅಂದರೆ ಸುದ್ದಿ ನಮಗಿಂತ ಮುಂಚೆ ಬಂದಿದೆ.

ಕೊನೆಗೆ ಮೊರ ಕೆಳಗಿಟ್ಟು ಕೇಳಿದರು. “ನೀರು ಕುಡೀತೀರಾ? ಇಲ್ಲ, ಅದ್ನೂ ಮನೆಯಿಂದ್ಲೇ ತಂದಿದ್ದೀರಾ?”

ನನ್ನ ಮುಖಕ್ಕೆ ರಪ್ಪೆಂದು ಹೊಡೆದ ಹಾಗಾಯಿತು. ಯಜಮಾನರಿಗೆ ಮರ್ಯಾದೆಯ ಯೋಚನೆ ಮಾಡುವ ಸ್ಥಿತಿ ದಾಟಿಹೋಗಿತ್ತು. “ಅಮ್ಮಾ, ನೀರು ಬೇಡ. ನಿಮ್ಮ ದಮ್ಮಯ್ಯ, ಒಂದು ಲೋಟ ಕಾಫಿ ಕೊಡಿ. ಕಟ್ಟನ್ನಾದರೂ ಸರಿ, ಬಾಟಲಿಯದಾದರೂ ಸರಿ” ಎಂದರು.

ಗೌರಮ್ಮ ಅವರನ್ನೇ ದಿಟ್ಟಿಸಿದರು. “ಅಲ್ಲಾ, ಎಂಥ ಜನಪ್ಪಾ ನೀವು! ತಮ್ಮನ ಮನೇಲಿ ಕಾಪ್ಪಿ ಸರ್ಸಿಬುಟ್ಟು ಎದ್ದು ಬಂದು, ಇಲ್ಲಿ ಕೈ ಮುಗಿದು ಕೇಳ್ತೀರಲ್ಲಾ?”

“ನಾನು ಕುಡಿದೆನಮ್ಮ. ಪೂರ್ತಿ ಲೋಟ ಕುಡಿದೆ. ಸರಿಸಿದ್ದು ತಟ್ಟೆ” ಎಂದೆ.

“ಅದೇಯ ಕಾಪ್ಪಿ!”

“ಯಾವುದು?”

“ಆ ಪುಟ್ಟು, ಕಡ್ಲೆ. ಅದೇ ಕಾಪ್ಪಿ. ಬೆಳಗ್ಗೆ ತಿನ್ನಾದ್ನ ನಾವು ಕಾಪ್ಪಿ ಕುಡಿಯೋದು ಅಂತೀವಿ. ಲೋಟದಲ್ಲಿರಾದು ಗಂಟ್ಲಿಗೆ.”

ನಾನು ಬೆಳಗಿನ ಒಂದೊಂದು ಮಾತನ್ನೂ ಈ ಹೊಸ ಅರ್ಥದಲ್ಲಿ ಮತ್ತೊಮ್ಮೆ ಕೇಳಿಸಿಕೊಂಡೆ. ಇವರಿಗೆ ಹೊರಗಿನ ಕಾಫಿ ಒಗ್ಗೋದಿಲ್ಲ ಎಂದಿದ್ದೆ. ನಿಮ್ಮ ಮನೆಯ ಅನ್ನ ನಮಗೆ ಸೇರುವುದಿಲ್ಲ ಎಂದ ಹಾಗೆ. ಅವರದೇ ಕಾಫಿ ತಗೊಂಡು ಹೋಗ್ತಾರೆ ಎಂದಿದ್ದೆ. ಬುತ್ತಿ ಕಟ್ಟಿಕೊಂಡು ಮನೆ ನೋಡಲು ಬಂದಿದ್ದೇವೆ ಎಂದ ಹಾಗೆ. ಅದಕ್ಕೆ ಪುರಾವೆಯಾಗಿ ಇವರು ಮೇಜಿನ ಮೇಲೆ ಹಿತ್ತಾಳೆಯ ಡಬ್ಬಿ ತಂದಿಟ್ಟಿದ್ದರು. ಕಾಪ್ಪಿ ಮಾತ್ರ ಬೇಡ ಅನ್ಬೇಡಿ ಎಂದು ಪಲ್ಲವಿ ಕಾರಿನ ಬಳಿ ನಿಂತು ಹೇಳಿದ್ದು ಆಗ ನನಗೆ ಕೇಳಿಸಿತು. ನನ್ನ ಕಣ್ಣಲ್ಲಿ ನೀರು ಬಂತು, ಜೊತೆಗೆ ನಗುವೂ ಬಂತು. ಎರಡನ್ನೂ ತಡೆಯಲಾಗದೆ ಅಕ್ಕ ಹೇಳಿ ಕಳಿಸಿದ್ದನ್ನೆಲ್ಲ ಗೌರಮ್ಮನವರ ಮುಂದೆ ಒದರಿಬಿಟ್ಟೆ. ಒಂದಗುಳೂ ಮುಟ್ಟಬಾರದು, ಕಾಫಿಗೇನೂ ದೋಷವಿಲ್ಲ, ಎಲ್ಲವನ್ನೂ.

ಅವರು ನಕ್ಕರು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನಗಲಿಲ್ಲ. ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಎರಡು ಲೋಟ. ಒಣಶುಂಠಿ, ಮೆಣಸು, ತುಳಸಿ, ಬೆಲ್ಲ ಕುದಿಸಿ ಕೊನೆಯಲ್ಲಿ ಒಂದು ಚಿಟಿಕೆ ಕಾಫಿ ಪುಡಿ ತೋರಿಸಿ ಇಳಿಸಿದ ಚುಕ್ಕುಕಾಪ್ಪಿ. ತಲೆನೋವಿಗೆ ಒಳ್ಳೆಯದು ಎಂದು ಯಜಮಾನರ ಕೈಗೆ ಕೊಟ್ಟರು. ಮೈಸೂರಿನಲ್ಲಾದರೆ ಇದು ಕಾಫಿಗೆ ಮಾಡಿದ ಅವಮಾನ ಎಂದು ಭಾಷಣ ಮಾಡುತ್ತಿದ್ದ ಮನುಷ್ಯ ಕೊನೆಯ ಹನಿಯವರೆಗೂ ಕುಡಿದು, ಲೋಟದ ತಳದ ಶುಂಠಿಯನ್ನೂ ನೆಕ್ಕಿದರು.

“ಗಡಿ ಆಚೆ ಕುಟ್ಟ ಊರ್ನ ಎಸ್ಟೇಟ್ನಾಗೆ ನಮ್ಮನೆಯವ್ರು ಪಣಿ ಮಾಡ್ತಿದ್ರು. ನಿಮ್ಕಡೆ ಕಾಪಿ ಅಂದ್ರೆ ನೀರು ಮಾತ್ರ ಅಂತ ನಂಗೊತ್ತು. ಅವಕ್ಕೆ ಗೊತ್ತಿಲ್ಲ ಪಾಪ. ಜಾನಕಿ ಫೋನ್ನಾಗೆ ಅಳ್ತಿದ್ಲು, ನಮ್ಮ ಒಲೆ ಅವ್ರಿಗೆ ಆಗದೋಯ್ತು ಅಂತ” ಎಂದರು ಗೌರಮ್ಮ. ಆಮೇಲೆ ನನ್ನ ಕಡೆ ತಿರುಗಿದರು. “ನಿಮ್ಗೆ ಸಂಬಂಧ ಬ್ಯಾಡ ಅಂದ್ರೆ ಬ್ಯಾಡ ಅನ್ನಿ, ಅದ್ರಲ್ಲಿ ಏನೂ ಇಲ್ಲ. ಬೇಕು ಅಂದ್ರೆ ಓಗಿ ಕುಂತು ಕಾಪ್ಪಿ ಕುಡೀರಿ. ಬಾಯಿ ಮಾತಿನಲ್ಲಿ ಸರಿ ಓಗಾದಲ್ಲ ಇದು.”

ನನಗೆ ಇಕ್ಕಟ್ಟಾದದ್ದು ಇಲ್ಲಿ. ತಿಂದರೆ ಒಪ್ಪಿದ ಹಾಗೆ. ಅದು ಅಕ್ಕನ ಲೆಕ್ಕದಲ್ಲೂ ಹಾಗೇ, ಇವರ ಲೆಕ್ಕದಲ್ಲೂ ಹಾಗೇ. ಒಪ್ಪುವುದಕ್ಕೆ ನಾನು ಯಾರು? ಗೌರಮ್ಮನವರ ಫೋನಿನಿಂದ ಅಕ್ಕನಿಗೆ ಕರೆ ಮಾಡಿ ಕೇಳಬಹುದಿತ್ತು. ಅಕ್ಕನನ್ನು ನಾನು ಬಲ್ಲೆ. ಕಾಪ್ಪಿ ಎಂದರೆ ಪುಟ್ಟು ಎನ್ನುವವರ ಮನೆಗೆ ಮಗಳನ್ನು ಕೊಡುವುದಿಲ್ಲ ಎಂದು ಅದನ್ನೇ ಒಂದು ನೆಪ ಮಾಡುತ್ತಾಳೆ. ಪೇಪರು ಸುತ್ತಿದ ಕನ್ನಡಿ ಕಣ್ಣಮುಂದೆ ಬಂತು.

“ಏನ್ರೀ ಮಾಡೋದು?” ಎಂದೆ ಯಜಮಾನರಿಗೆ.

“ನನಗಂತೂ ಹಸಿವಾಗಿದೆ” ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಆಡಿದ ಅತಿ ವಿವೇಕದ ಮಾತು ಅದು.

ನಾನು ಗೌರಮ್ಮನವರಿಗೆ “ಹೊರಡಿ, ನೀವೂ ಬನ್ನಿ” ಎಂದೆ. ಅವರು ಫೋನೆತ್ತಿ ಎರಡೇ ಮಾತು ಹೇಳಿದರು. “ಜಾನಕೀ, ಒಲೆ ಆರಿಸ್ಬೇಡ. ನಾಲ್ಕು ಗಂಟೆ ಕಾಪ್ಪಿಗೆ ಬತ್ತಾವ್ರೆ.”

ಮತ್ತೆ ಪೆರಿಕಲ್ಲೂರು

ಸಂಜೆಗೂ ಅಲ್ಲಿ ಕಾಪ್ಪಿ ಉಂಟು ಎಂಬುದು ನಮ್ಮ ಪುಣ್ಯ. ನಾವು ಇಳಿಯುವಾಗ ಗೋವಿಂದಪ್ಪ ಜಗುಲಿಯಲ್ಲಿ ನಿಂತಿದ್ದರು, ಮುಖ ಇನ್ನೂ ಬಿಗಿಯಾಗಿತ್ತು. ಗೌರಮ್ಮ ಕಾರಿನಿಂದ ಇಳಿಯುತ್ತಲೇ ತಮ್ಮನಿಗೆ ಮಲಯಾಳ ಕನ್ನಡ ಎರಡನ್ನೂ ಕಲಸಿ ಏನೇನೋ ಬೈದರು. ನನಗೆ ತಿಳಿದದ್ದು “ಮಂಡ”, ಎಂದರೆ ಪೆದ್ದ, ಎಂಬ ಒಂದೇ ಮಾತು. ಅದು ಯಾರಿಗೆ ಅಂದದ್ದೋ ಕೇಳಲಿಲ್ಲ, ಸರಿಸಮವಾಗಿ ಹಂಚಿಕೊಂಡೆವು.

ನಾನು ಅಡುಗೆಮನೆಗೇ ಹೋದೆ. “ಜಾನಕಮ್ಮ, ಕಾಪ್ಪಿ ಕುಡಿಯೋಕೆ ಬಂದಿದ್ದೀವಿ” ಎಂದೆ. ಪಕಾರವನ್ನು ಚೆನ್ನಾಗಿ ಒತ್ತಿಯೇ ಹೇಳಿದೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮಣೆ ತೋರಿಸಿದರು.

ಬೇಯಿಸಿದ ಮರಗೆಣಸು ಬಂತು, ಅದರ ಜೊತೆ ಗಾಂಧಾರಿ ಮೆಣಸಿನ ಚಟ್ನಿ. ಬೆಳಗ್ಗೆ ತಿನ್ನದ ಪುಟ್ಟಿನ ಬದಲಿಗೆ ಹೊಸ ಪುಟ್ಟು ಬಂತು. ಬಾಳೆಹಣ್ಣಿನ ಬಜ್ಜಿ ಬಂತು. ನಾವು ಮಣೆಯ ಮೇಲೆ ಕೂತು ಎಲ್ಲವನ್ನೂ ಕುಡಿದೆವು. ಚಟ್ನಿಯ ಖಾರಕ್ಕೆ ಯಜಮಾನರ ಮೂಗು ಕಣ್ಣು ಎರಡೂ ಹರಿದವು. ಗೋವಿಂದಪ್ಪ ತಾವೇ ಎದ್ದು ಅವರ ತಟ್ಟೆಗೆ ಇನ್ನೊಂದಿಷ್ಟು ಬಡಿಸಿ, “ನಿಮ್ಮ ಡ್ರಿಪ್ ಇಳೀತು ನೋಡಿ” ಎಂದರು. ನಾವು ಬೆಳಗ್ಗೆ ಮೇಜಿನ ಮೇಲೆಯೇ ಬಿಟ್ಟುಹೋಗಿದ್ದ, ಆಮೇಲೆ ಯಾರೂ ಮುಟ್ಟದ ಫಿಲ್ಟರಿನ ತಳದಲ್ಲಿ ಎರಡು ಲೋಟಕ್ಕಾಗುವಷ್ಟು ಕಪ್ಪು ಡಿಕಾಕ್ಷನ್ ಸೇರಿತ್ತು. ಜಾನಕಮ್ಮ ಅದಕ್ಕೆ ಹಾಲು, ಬೆಲ್ಲ ಬೆರೆಸಿ ಎಲ್ಲರಿಗೂ ಗುಟುಕು ಗುಟುಕು ಹಂಚಿದರು. ಯಜಮಾನರು ಕಣ್ಣು ಮುಚ್ಚಿ ಕುಡಿದು, ಮೊದಲ ಡಿಕಾಕ್ಷನ್ನು ಎಂದರು. ಅದನ್ನು ಅವರು ಬೇರೆಯವರ ಜೊತೆ ಹಂಚಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಳಗಿನ ಕೋಣೆಯಿಂದ ಪೇಪರು ಹರಿಯುವ ಸದ್ದು ಕೇಳಿಸಿತು. ಜಾನಕಮ್ಮ ಬಾಗಿಲಲ್ಲಿ ಬಂದು ನಿಂತರು, ಕೈಯಲ್ಲಿ ಸುತ್ತಿಗೆ. “ಎಷ್ಟು ಎತ್ರ ಅಂದ್ರಿ ಮೋಳು?”

ನಾನು ಎಂಜಲು ಕೈಯನ್ನು ಹಾಗೇ ಇಟ್ಟುಕೊಂಡು ಎದ್ದು, ಎಡಗೈಯನ್ನು ನನ್ನ ತಲೆಗಿಂತ ನಾಲ್ಕು ಬೆರಳು ಮೇಲೆ ಹಿಡಿದು ತೋರಿಸಿದೆ. ಗೋವಿಂದಪ್ಪ ಮೊಳೆ ಹೊಡೆಯುತ್ತಿದ್ದಾಗಲೇ ನನ್ನ ಮೊಬೈಲು ಬಡಿದುಕೊಂಡಿತು. ಅಕ್ಕ.

“ಏನೇ, ಬೆಳಗ್ಗೆಯಿಂದ ಫೋನೇ ಸಿಗ್ತಿಲ್ಲ! ಮನೆ ಹೇಗಿದೆ? ಅದೇನು ಸದ್ದು? ಅವರ ಮನೇಲಿ ಏನೂ ತಿನ್ನಲಿಲ್ಲ ತಾನೇ?”

ಬಾಯಲ್ಲಿದ್ದ ಮರಗೆಣಸನ್ನು ನುಂಗಿದೆ. “ಬರೀ ಕಾಫಿ ಅಕ್ಕ” ಎಂದೆ.

“ಒಳ್ಳೇದಾಯ್ತು. ಉಳಿದದ್ದು ನೀನು ಬಂದಮೇಲೆ ಮಾತಾಡೋಣ. ಇಲ್ಲಿ ಇವಳೊಬ್ಬಳು ಕಿವಿಗೆ ಅಂಟಿಕೊಂಡು ನಿಂತಿದ್ದಾಳೆ. ಏನು ಹೇಳಲಿ ಇವಳಿಗೆ?”

“ಕಾಪ್ಪಿ ಕುಡಿದ್ವಿ ಅಂತ ಹೇಳು.”

“ಅಷ್ಟೇನಾ?”

“ಅಷ್ಟೇ.”

ಅಕ್ಕ ಫೋನಿನಿಂದ ಬಾಯಿ ತಿರುಗಿಸಿ ಮಗಳಿಗೆ ಹಾಗೇ ಹೇಳುವುದು ಕೇಳಿಸಿತು. ಆಮೇಲೆ ಕಿವಿ ಕಿತ್ತುಹೋಗುವಂಥ ಕಿರುಚಾಟ, ಯಾವುದೋ ಸ್ಟೀಲಿನ ಪಾತ್ರೆ ಉರುಳಿಬಿದ್ದ ಸದ್ದು, ಅದರ ಹಿಂದೆ ಅಕ್ಕನ ಗಾಬರಿಯ ದನಿ.

“ಸುಮಾ, ಏನಾಯ್ತೇ ಇವಳಿಗೆ? ನನ್ನ ತಬ್ಬಿಕೊಂಡು ಕುಣೀತಿದ್ದಾಳೆ! ನೀವು ಕಾಫಿ ಕುಡಿದ್ರೆ ಇವಳಿಗ್ಯಾಕೆ ಇಷ್ಟು ಖುಷಿ?”